ಚೀಫ್ಸ್ ತಂಡದ ಪಾಸಿಂಗ್ ಆಟ 2025ರ ಋತುವಿನಲ್ಲಿ ಸುಧಾರಿಸಲು ಏನು ಬೇಕಿತ್ತು?

2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್ ಫೈನಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಎದುರು 40-22ರಿಂದ ಸೋತ ಕಾನ್ಸಾಸ್ ಸಿಟಿ ಚೀಫ್ಸ್ ತಂಡ, ಅಮೆರಿಕನ್ ಫುಟ್‌ಬಾಲ್‌ನ ತನ್ನ ಪಾಸಿಂಗ್ ಆಕ್ರಮಣದಲ್ಲಿ ಮೊದಲು ಭದ್ರಪಡಿಸಿಕೊಳ್ಳಬೇಕಿದ್ದದ್ದು ಲೆಫ್ಟ್ ಟ್ಯಾಕಲ್ ಸ್ಥಾನವನ್ನು (ಪಾಸ್ ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಎಡಬದಿಯನ್ನು ಕಾಯುವವನ ಜಾಗ) ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕ್ ಪಾಸ್‌ಗೆ ಸಜ್ಜಾಗಿ ನಿಂತಾಗ ಅವನ ಬೆನ್ನು ಎಡಬದಿಗಿರುತ್ತದೆ; ಆ ಕಡೆಯಿಂದ ನುಗ್ಗುವವನು ಅವನಿಗೆ ಸುಲಭವಾಗಿ ಕಾಣುವುದಿಲ್ಲ. 2024ರ ಋತುವಿನಲ್ಲಿ ಈ ಸ್ಥಾನಕ್ಕೆ ಒಬ್ಬರಾದ ಮೇಲೊಬ್ಬರನ್ನು ಪ್ರಯತ್ನಿಸಿ, ಕೊನೆಗೆ ಅದರ ಪಕ್ಕದ ಗಾರ್ಡ್ ಸ್ಥಾನದಲ್ಲಿ ಅತ್ಯುತ್ತಮವಾಗಿ ಆಡುತ್ತಿದ್ದ ಜೋ ಥೂನಿಯವರನ್ನೇ ಅಲ್ಲಿಗೆ ಸರಿಸಬೇಕಾಯಿತು. ಇದರಿಂದ ಒಂದರ ಬದಲು ಎರಡು ಸ್ಥಾನಗಳು ದುರ್ಬಲಗೊಂಡವು. ಫೈನಲ್‌ನಲ್ಲಿ ಈಗಲ್ಸ್ ಬಹುತೇಕ ನಾಲ್ವರನ್ನಷ್ಟೇ ಮುಂದೆ ನುಗ್ಗಿಸಿ, ಉಳಿದ ಏಳು ಮಂದಿಯನ್ನು ಪಾಸ್ ಹಿಡಿಯುವ ರಿಸೀವರ್‌ಗಳ ಕಾವಲಿಗೆ ಬಿಟ್ಟರೂ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆರು ಬಾರಿ ಸ್ಯಾಕ್ ಆದರು, ಅಂದರೆ ಪಾಸ್ ಎಸೆಯುವ ಮೊದಲೇ ನೆಲಕ್ಕುರುಳಿದರು. ಮೊದಲರ್ಧದಲ್ಲಿ ಇಡೀ ತಂಡ ಗಳಿಸಿದ್ದು ಕೇವಲ 23 ಗಜ!

ರಿಸೀವರ್‌ಗಳ ಕೊರತೆಯೂ ಇದ್ದದ್ದು ನಿಜವೇ. ಆ ಋತುವಿನಲ್ಲಿ ಚಾರ್ಜರ್ಸ್ ತಂಡದ ವಿರುದ್ಧ ತಮ್ಮ ಪಾಸ್ ಎದುರಾಳಿಯ ಪಾಲಾದಾಗ ಅವನನ್ನು ತಡೆಯಲು ಓಡಿದ ಮಹೋಮ್ಸ್ ಸ್ವತಃ ತಮ್ಮದೇ ತಂಡದ ರಿಸೀವರ್ ರಶೀ ರೈಸ್ ಅವರ ಕಾಲಿಗೆ ಡಿಕ್ಕಿ ಹೊಡೆದರು. ರೈಸ್ ಅವರ ಋತು ಅಲ್ಲಿಗೇ ಮುಗಿಯಿತು. ಅವರು ಪೂರ್ಣವಾಗಿ ಚೇತರಿಸಿಕೊಂಡು ಮರಳಿದರೆ, ಆಗಲೇ ವಯಸ್ಸು 35 ದಾಟಿದ್ದ, ಪಾಸ್ ಹಿಡಿಯುವ ಇನ್ನೊಬ್ಬ ಆಟಗಾರ ಟ್ರಾವಿಸ್ ಕೆಲ್ಸಿ ಅವರ ಮೇಲಿನ ಭಾರ ಇಳಿಯುತ್ತಿತ್ತು. ಆದರೆ ಉದ್ದನೆಯ ಪಾಸ್‌ಗಳು ಮರಳಬೇಕಾದರೆ ರಿಸೀವರ್ ದೂರ ಓಡುವವರೆಗೂ ಮಹೋಮ್ಸ್‌ಗೆ ನಿಲ್ಲಲು ಸಮಯ ಸಿಗಬೇಕಿತ್ತು.