ಎಲ್ಲಾ ಒಂದೇ ಅಂದ್ರೆ ಹೆಂಗೆ ಮಾಸ್ತರ್ರೇ?

ಅಂಕೋಲೆಯಿಂದ ಒಬ್ಬ ನಿವೃತ್ತ ಮಾಸ್ತರ್ರು ನಾಲ್ಕು ಪುಟದ ಕಾಗದ ಬರೆದಿದಾರೆ. ಸಾರಾಂಶ ಇಷ್ಟು: "ಲೆಸ್ಸರ್ ಸ್ಯಾಂಡ್ ಪ್ಲೋವರ್ ಅನ್ನೋ ಸಣ್ಣ ದಂಡೆಹಕ್ಕಿ ಈಗ ಎರಡು ಬೇರೆ ಜಾತಿ ಅಂತ ಹೋದ ಸಂಚಿಕೇಲಿ ಬರೆದ್ರಿ. ನಾನು ಮೂವತ್ತು ವರ್ಷದಿಂದ ಬೆಳಿಗ್ಗೆ ಸಮುದ್ರದ ದಂಡೇಲಿ ತಿರುಗ್ತೇನೆ, ನಂಗೆ ಎಲ್ಲಾ ಒಂದೇ ಕಾಣ್ತದೆ. ಡಿಎನ್‌ಎ ನೋಡಿ ಒಂದನ್ನ ಎರಡು ಮಾಡೋದು ಪಂಡಿತರ ಹೊಟ್ಟೆಪಾಡು, ಹಕ್ಕಿಗೆ ಇದ್ರಿಂದ ಏನು ಬಂತು?"

ಮೊದಲು ಒಪ್ಪೋದನ್ನ ಒಪ್ತೇನೆ. ಹಕ್ಕಿಗಳ ಹೆಸರು ವರ್ಷಾವರ್ಷಾ ಬದಲಾಗೋದು ನಂಗೂ ಕಿರಿಕಿರಿಯೇ, ಪುಸ್ತಕ ತಗೊಂಡು ರಟ್ಟು ಹಾಕೋದ್ರೊಳಗೆ ಹಳತಾಗಿರ್ತದೆ. ಆಯ್ತಲ್ಲ? ಇನ್ನು ನನ್ನ ಮಾತು ಕೇಳಿ.

ಮಾಸ್ತರ್ರೇ, ನೀವು ಅಂಕೋಲೆಯವ್ರು. ಕರಿ ಇಶಾಡ, ಬಿಳಿ ಇಶಾಡ ಎರಡೂ ಒಂದೇ ಮಾವಿನಹಣ್ಣು ಅಂತ ನಿಮ್ಮ ಪೇಟೇಲಿ ಬುಟ್ಟಿ ಇಟ್ಕೊಂಡು ಕೂತ ಹೆಂಗಸ್ರ ಎದುರು ಒಂದ್ಸಲ ಹೇಳಿ ನೋಡಿ! 2023ರಲ್ಲಿ ಜಿಐ ಟ್ಯಾಗ್ ಬಂದಿದ್ದು ಬರೀ 'ಮಾವಿನಹಣ್ಣಿಗೆ' ಅಲ್ಲ, ಕರಿ ಇಶಾಡಕ್ಕೆ. ಹಣ್ಣಿನಲ್ಲಿ ಇಷ್ಟು ಸೂಕ್ಷ್ಮ ಗೊತ್ತಿರೋ ಊರಿನವ್ರು ಹಕ್ಕಿ ಅಂದ ಕೂಡ್ಲೆ ಎಲ್ಲಾ ಒಂದೇ ಅಂತೀರಲ್ಲ ಮಾರಾಯ್ರೇ.

ಡಿಸೆಂಬರಲ್ಲಿ ಈ ಪ್ಲೋವರುಗಳು ಎಲ್ಲಾ ಒಂದೇ ಕಾಣ್ತವೆ, ನಿಜ. ಬೂದು ಬೆನ್ನು, ಬಿಳಿ ಹೊಟ್ಟೆ, 60-70 ಗ್ರಾಂ ತೂಕ, ನಾಲ್ಕು ಹೆಜ್ಜೆ ಓಡಿ ಟಕ್ ಅಂತ ನಿಲ್ತದೆ. ನಾನು ಸಣ್ಣಿರುವಾಗ ಅದಕ್ಕೆ ಹೊಯ್ಗೆ ಹಕ್ಕಿ ಅಂತಿದ್ದೆ, ಅಷ್ಟೇ. ಆದ್ರೆ ಏಪ್ರಿಲಲ್ಲಿ, ಅವು ಹೊರಡೋ ಮುಂಚೆ ನೋಡ್ಬೇಕು. ಒಂದ್ಸಲ ಕಾರವಾರದ ಕೋಡಿಬಾಗದ ಹತ್ರ ಕಾಳಿ ನದಿ ಇಳಿತಕ್ಕೆ ಕೆಸರು ಬಿಟ್ಟಿತ್ತು, ಬೈನಾಕ್ಯುಲರಲ್ಲಿ ನೋಡ್ತಾ ಕೂತಿದ್ದೆ, ಒಂದು ಗಂಡಿನ ಎದೆಗೆ ಇಟ್ಟಿಗೆ ಬಣ್ಣ ಏರಿ ಹಣೆ ಪೂರ್ತಿ ಮಸಿ ಬಳಿದ ಹಾಗೆ ಆಗಿತ್ತು, ಇಡೀ ಚಳಿಗಾಲ ಕಂಡ ಹಕ್ಕಿ ಇದೇನಾ ಅಂತ ಅನ್ನಿಸ್ತು. ಇದು ಟಿಬೆಟನ್ ಗುಂಪು, ಅಟ್ರಿಫ್ರಾನ್ಸ್ ಅಂದ್ರೆ ಕರಿಹಣೆಯದ್ದು ಅಂತಲೇ ಅರ್ಥ. ಲಡಾಖ್, ಟಿಬೆಟ್ ಕಡೆ 4,000 ಮೀಟರ್ ಮೇಲಿನ ಕೆರೆ ದಂಡೇಲಿ ಮೊಟ್ಟೆ ಇಟ್ಟು ಚಳಿಗಾಲಕ್ಕೆ ನಮ್ಮಲ್ಲಿಗೆ ಇಳೀತದೆ. ಇನ್ನೊಂದು ಗುಂಪು ಸೈಬೀರಿಯದ ಪೂರ್ವದ ತುದಿಯದ್ದು, ಅದರ ಹಣೆಯಲ್ಲಿ ಬಿಳಿ ಇರ್ತದೆ, ಹೋಗೋದು ಆಸ್ಟ್ರೇಲಿಯ ಕಡೆಗೆ. ಒಟ್ಟು ಐದು ಉಪಜಾತಿ, ಎಲ್ಲಾ ಒಂದೇ ಹೆಸರಿನಡಿ ಇದ್ವು. 2022ರಲ್ಲಿ ಜೀನೋಮ್, ಅಂದ್ರೆ ಪೂರ್ತಿ ಡಿಎನ್‌ಎ ನೋಡಿದ್ರೆ ತಮಾಷೆ ಏನಂದ್ರೆ, ಅಕ್ಕ-ತಂಗಿ ಅಂದ್ಕೊಂಡಿದ್ದ ಈ ಎರಡು ಗುಂಪು ಅಕ್ಕ-ತಂಗಿಯೇ ಅಲ್ಲ! ಒಂದಕ್ಕೆ ಹತ್ತಿರದ ಸಂಬಂಧ ದೊಡ್ಡ ಪ್ಲೋವರು, ಗ್ರೇಟರ್ ಸ್ಯಾಂಡ್ ಪ್ಲೋವರ್ ಅಂತೀವಲ್ಲ ಅದು. ಅದೂ ನಮ್ಮ ದಂಡೆಗೆ ಬರ್ತದೆ.

ಹಕ್ಕಿಗೆ ಏನು ಬಂತು ಅಂತ ಕೇಳಿದ್ರಿ. ಸೈಬೀರಿಯದವು ಹಳದಿ ಸಮುದ್ರದ ಕೆಸರಲ್ಲಿ ಇಳ್ಕೊಂಡು ಹೋಗ್ತವೆ, ಅಲ್ಲಿ ದಕ್ಷಿಣ ಕೊರಿಯಾದವ್ರು ಸೆಮಾಂಗುಮ್ ಅಂತ ಕಡಲನ್ನ ಆ ಕೆಸರಿಗೆ ಬಾರದ ಹಾಗೆ ತಡೆಯೋ 33 ಕಿಲೋಮೀಟರ್ ಗೋಡೆ ಕಟ್ಟಿ 2006ರಲ್ಲಿ ಮುಗಿಸಿದ್ರು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಆ ಕಡೆ ಕಮ್ಮಿ ಆದ್ರೂ ಈ ಕಡೆಯ ಸಂಖ್ಯೆ ಅದನ್ನ ಮುಚ್ಚಿ ಹಾಕ್ತದೆ, ಬೇರೆ ಬೇರೆ ಎಣಿಸಿದ್ರೆ ಮಾತ್ರ ಕಣ್ಣಿಗೆ ಬೀಳ್ತದೆ.

ಇನ್ನು ರೆಡ್ ನಾಟ್ ಅಂತ ಒಂದು ಹಕ್ಕಿ ಇದೆ, ಅದರ ಕಥೆ ಪೂರ್ತಿ ಉಲ್ಟಾ. ಆರು ಉಪಜಾತಿ, ಡಿಎನ್‌ಎ ನೋಡಿದ್ರೆ ವ್ಯತ್ಯಾಸ ತೀರಾ ಸಣ್ಣದು, ಹಿಮಯುಗದ ಕೊನೆಗೆ, ಅಂದ್ರೆ ಸುಮಾರು 20,000 ವರ್ಷದೊಳಗೆ ಬೇರೆ ಆಗಿದ್ದು. ಆದ್ರೂ ಒಂದೊಂದಕ್ಕೆ ಒಂದೊಂದು ದಾರಿ. ರುಫಾ ಅನ್ನೋದು ದಕ್ಷಿಣ ಅಮೆರಿಕದ ತುದಿಯಿಂದ ಕೆನಡಾದ ಆರ್ಕ್‌ಟಿಕ್‌ಗೆ ಹೋಗುವಾಗ ಮೇ ತಿಂಗಳಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಗೆ ಇಳಿದು ಹಾರ್ಸ್‌ಶೂ ಏಡಿಯ ಮೊಟ್ಟೆ ತಿಂದು ಎರಡು ವಾರದಲ್ಲಿ ತೂಕ ಹೆಚ್ಚುಕಮ್ಮಿ ದುಪ್ಪಟ್ಟು ಮಾಡ್ಕೊಳ್ತದೆ. ಆ ಏಡಿಯನ್ನ ಜನ ಮೀನು-ಶಂಖ ಹಿಡಿಯೋ ಬೋನಿನ ಮೇವಿಗೆ ಅಂತ ಲಾರಿಗಟ್ಟಲೆ ಹಿಡಿದ್ರು, ಹಕ್ಕಿ ಕುಸೀತು, 2014ರಲ್ಲಿ ಅಮೆರಿಕದಲ್ಲಿ ರುಫಾವನ್ನೇ ಪ್ರತ್ಯೇಕವಾಗಿ ಅಪಾಯದ ಪಟ್ಟಿಗೆ ಹಾಕಿದ್ರು. ಉಳಿದ ಐದು ಇದಾವಲ್ಲ ಅಂತ ಅವ್ರು ಸುಮ್ಮನೆ ಕೂರ್ಲಿಲ್ಲ. ಯಾಕಂದ್ರೆ ಉಳಿದವುಕ್ಕೆ ಈ ದಾರಿ ಗೊತ್ತಿಲ್ಲ!

ಸಿಟ್ಟು ಬರೋದು ಇಲ್ಲಿ. ನಮ್ಮಲ್ಲಿ ಒಂದು ಆಫೀಸಿಗೆ ಹೋಗಿದ್ದೆ, ಹೆಸರು ಬೇಡ, ಫೈಲಿನಲ್ಲಿ ಹೊಳೆಬಾಯಿ ಕೆಸರಿಗೆ 'ಖಾಲಿ ಜಾಗ' ಅಂತ ಬರೆದಿತ್ತು. ಹಕ್ಕಿ ಕಾಲಮ್ಮಿನಲ್ಲಿ? 'ಸಮುದ್ರ ಪಕ್ಷಿ, ಸಾಮಾನ್ಯ.' ಮುಗೀತು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಜಾಗ ಅನ್ನೋ ಪಟ್ಟ ಸಿಕ್ಕಿದ್ದು ಖುಷಿಯೇ, ಆದ್ರೆ ಅಲ್ಲಿ ಬಳಚು (ಚಿಪ್ಪುಮೀನು) ಆರಿಸೋ ಹೆಂಗಸ್ರಿಗೆ ಗೊತ್ತಿರೋ ಅರ್ಧ ವಿಷಯ ಈ ಫೈಲುಗಳಲ್ಲಿಲ್ಲ. ಬೀಚಲ್ಲಿ ಜೀಪ್ ಓಡಿಸೋರಿಗಂತೂ ಕೇಳೋದೇ ಬೇಡ.

ಎಲ್ಲಾ ಒಂದೇ ಅನ್ನೋದ್ರ ರುಚಿ ನಮಗೇ ಗೊತ್ತಿಲ್ವಾ? ಬೆಂಗಳೂರಲ್ಲಿ ಒಬ್ಬರಿಗೆ ನಂದು ಉತ್ತರ ಕನ್ನಡ ಅಂದೆ, "ಓ, ಉತ್ತರ ಕರ್ನಾಟಕನಾ, ನಿಮ್ಮ ಕಡೆ ಜೋಳದ ರೊಟ್ಟಿ ಸೂಪರ್ ಅಲ್ವಾ" ಅಂದ್ರು. ಹುಟ್ಟಿದಾಗಿಂದ ಗಂಜಿ, ಮೀನು ಉಂಡ ಮನುಷ್ಯ ನಾನು! ಜಿಲ್ಲೆ ಹೆಸರು ತಿದ್ದಿ ತಿದ್ದಿ ಸಾಕಾಗಿ ಈಗ ರೊಟ್ಟಿ ಹೌದು ಅಂತ್ಲೇ ಹೇಳ್ತೇನೆ.

ಮಾಸ್ತರ್ರೇ, ಮೂವತ್ತು ವರ್ಷ ದಂಡೇಲಿ ತಿರುಗಿದ ಕಣ್ಣು ಸಣ್ಣದಲ್ಲ, ಇಂಥಾ ಕಾಗದ ಬರೆಯೋರು ನಮಗೆ ಎಷ್ಟು ಜನ ಇದಾರೆ? ಏಪ್ರಿಲ್ ಮೊದಲ ವಾರ ಇಳಿತದ ಹೊತ್ತು ನೋಡ್ಕೊಂಡು ಕೋಡಿಬಾಗಕ್ಕೆ ಬನ್ನಿ, ಬೈನಾಕ್ಯುಲರ್ ನಂದು, ಚಹಾ ನಿಮ್ದು. ಬರುವಾಗ ಚಂದಾ ಹಣವನ್ನೂ ತನ್ನಿ, ಮಾರ್ಚಿಗೇ ಮುಗೀತದೆ.

-ಸಂ.