ಬಿಕ್ಕಳಿಕೆ ನಿಲ್ಲುತ್ತಿಲ್ಲ, ಇದು ಪಿತ್ತವೇ?

ಪ್ರಶ್ನೆ: ಅಪ್ಪನಿಗೆ 58 ವರ್ಷ, ಬೆಟಗೇರಿಯಲ್ಲಿ ನೇಕಾರರು. ಬಿಪಿ ಮಾತ್ರೆ ಆಗಾಗ ಬಿಡುತ್ತಾರೆ. ನಾಲ್ಕು ದಿನದ ಹಿಂದೆ ಮಗ್ಗದಲ್ಲಿ ಕೂತಿದ್ದಾಗ ಒಮ್ಮೆಲೇ ತಲೆ ತಿರುಗಿ ವಾಂತಿಯಾಯಿತು. ಪಿತ್ತ ಅಂತ ಅವ್ವ ನಿಂಬೆ ಶರಬತ್ತು ಕೊಟ್ಟಳು. ಅದು ಮೂಗಿನಿಂದ ಹೊರಬಂತು. ಅಂದಿನಿಂದ ಬಿಕ್ಕಳಿಕೆ ನಿಂತಿಲ್ಲ, ದನಿ ಒಡೆದಿದೆ. ನಡೆದರೆ ಬಲಕ್ಕೆ ವಾಲುತ್ತಾರೆ. ಎಡಗೈ ಮೇಲೆ ಬಿಸಿನೀರು ಬಿದ್ದರೂ ಸುಡುವುದಿಲ್ಲವಂತೆ. ಕೈಕಾಲಿನ ಶಕ್ತಿ ಮಾತ್ರ ಸರಿ ಇದೆ. ದವಾಖಾನೆಯಲ್ಲಿ ಗ್ಯಾಸಿನ ಮಾತ್ರೆ ಕೊಟ್ಟಿದ್ದಾರೆ. ಪಿತ್ತವೇ ಅಲ್ವಾ?
- ಓದುಗರು, ಗದಗ

ಉತ್ತರ: ಅಲ್ಲ ತಂಗೀ. ನಿಮ್ಮ ಸಂದೇಶ ಓದಿದ ಕೂಡಲೇ ಫೋನ್ ಮಾಡಿ, ಈಗಲೇ ಹುಬ್ಬಳ್ಳಿಗೆ ಕರೆತನ್ನಿ ಎಂದೆ. ಬಲಗಣ್ಣಿನ ರೆಪ್ಪೆ ಇಳಿದಿದೆಯಾ ಅಂತ ಕೇಳಿದ್ದು ನೆನಪಿದೆಯಲ್ಲ? ಇಳಿದಿತ್ತು. ಎಂಆರ್‌ಐ ಮಾಡಿದಾಗ ಮಿದುಳುಕಾಂಡದ ಬಲಬದಿಗೆ ರಕ್ತ ಹರಿಯದೆ ಪೆಟ್ಟಾಗಿದ್ದು ಕಂಡಿತು. ಬೇರೆಯವರ ಮನೆಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮಿದುಳು ಬೆನ್ನುಹುರಿಗೆ ಸೇರುವ ಜಾಗವೇ ಮಿದುಳುಕಾಂಡ. ಹೆಚ್ಚುಕಡಿಮೆ ಹೆಬ್ಬೆರಳಷ್ಟು. ನುಂಗುವುದು, ದನಿ, ಕಣ್ಣಿನ ಓಡಾಟ, ಉಸಿರು, ಎಲ್ಲದರ ನರಗಳು ಅಲ್ಲಿ ಹಾಸಿನ ಎಳೆಗಳ ಹಾಗೆ ಒತ್ತೊತ್ತಾಗಿವೆ. ಕೈಕಾಲಿನಿಂದ ನೋವು, ಬಿಸಿ ತಿಳಿಸುವ ಎಳೆಗಳು ಬೆನ್ನುಹುರಿಯಲ್ಲೇ ಆಚೆ ಬದಿಗೆ ದಾಟಿ ಮೇಲೇರುತ್ತವೆ. ಅದಕ್ಕೇ ಬಲಬದಿ ಕೆಟ್ಟರೆ ಎಡಗೈಗೆ ಬಿಸಿ ಗೊತ್ತಾಗುವುದಿಲ್ಲ.

ಲಕ್ವಾ ಹೊಡೆದರೆ ಬಾಯಿ ವಾರೆಯಾಗಬೇಕು, ಕೈ ಬೀಳಬೇಕು ಅಂತ ನಮ್ಮ ಜನ ತಿಳಿದಿದ್ದಾರೆ. ಇದೂ ಲಕ್ವಾನೇ. ಕೈಯಲ್ಲಿ ಶಕ್ತಿ ಇದ್ದದ್ದೇ ಎಲ್ಲರ ದಾರಿ ತಪ್ಪಿಸಿತು. ನಾಲ್ಕು ದಿನ ಹೋಯಿತಲ್ಲ ಅನ್ನುವ ಸಂಕಟ ನನಗೂ ಇದೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಗದಗದಿಂದ ಹುಬ್ಬಳ್ಳಿಗೆ ಬರಲಿಕ್ಕೇ ಒಂದು ಗಂಟೆ ಬೇಕು.

ಒಮ್ಮೆಲೇ ತಲೆ ತಿರುಗಿ, ಜೊತೆಗೆ ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಅಥವಾ ನಿಲ್ಲಲು ಆಗದಿದ್ದರೆ 108ಕ್ಕೆ ಕರೆ ಮಾಡಿ. ಬಾಯಿಗೆ ನೀರೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಸಿಟಿ ಸ್ಕ್ಯಾನ್ ಸರಿ ಇದೆ ಅಂದರೂ ಸುಮ್ನೆ ಮನೆಗೆ ಬರಬೇಡಿ. ಈ ಜಾಗದ ಪೆಟ್ಟು ಮೊದಮೊದಲು ಸಿಟಿಯಲ್ಲಿ ಕಾಣದೇ ಹೋಗುವುದು ಜಾಸ್ತಿ. ಎಂಆರ್‌ಐ ಬೇಕಾ ಅಂತ ಬಾಯಿಬಿಟ್ಟು ಕೇಳಿ.

ಶರಬತ್ತು ಕೊಟ್ಟೆ ಅಂತ ಅವ್ವ ಕೊರಗುತ್ತಿದ್ದಾರೆ ಎಂದಿರಿ. ಅವರು ಕೊಟ್ಟದ್ದರಿಂದ ಇದು ಬಂದದ್ದಲ್ಲ, ಅದನ್ನು ಅವರಿಗೆ ಬಿಡಿಸಿ ಹೇಳಿ. ಅಪ್ಪನ ಬಿಪಿ ಮಾತ್ರೆ ಇನ್ನು ಒಂದು ದಿನವೂ ತಪ್ಪಬಾರದು. ಸ್ನಾನದ ನೀರನ್ನು ಅವರು ಬಲಗೈಯಿಂದಲೇ ಮುಟ್ಟಿ ನೋಡಲಿ, ಎಡಗೈಗೆ ಇನ್ನೂ ಬಿಸಿ ತಿಳಿಯುತ್ತಿಲ್ಲ.