ಹೊರದೇಶದಲ್ಲಿ ಓದುವಾಗ ತೆಗೆದ ಹಳೆಯ ರೀಲು ಫೋಟೋಗಳು ಸಿಕ್ಕಿವೆ. ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡಿಕೊಂಡು ನೆಗೆಟಿವ್ ಎಸೆಯಬಹುದೇ?

ಎಸೆಯಬೇಡಿ. ಇದು ಚಿಕ್ಕ ಉತ್ತರ. ಉದ್ದದ ಉತ್ತರ ಓದಲು ಸ್ವಲ್ಪ ಪುರುಸೊತ್ತು ಬೇಕು.

ನೀವು ಬರೆದಿರುವುದು ಹೆಚ್ಚು ಕಡಿಮೆ ನನ್ನ ಕಥೆಯೇ. ಹರೆಯದಲ್ಲಿ ಹೊರದೇಶದಲ್ಲಿ ಕಲಿತ ಫೋಟೋಗ್ರಫಿ, ಒಂದಷ್ಟು ಪ್ರಿಂಟು, ಒಂದು ಕಟ್ಟು ನೆಗೆಟಿವ್. ಚೆನ್ನಾಗಿರುವುದೆಲ್ಲ ಪ್ರಿಂಟ್ ಆಗಿದೆಯಲ್ಲ, ಇದನ್ನು ಯಾಕೆ ಇಟ್ಟುಕೊಂಡಿರಬೇಕು ಎಂದು ನನಗೂ ಅನ್ನಿಸಿತ್ತು. ಎಸೆಯಲು ಹೊರಟವಳೇ ನಾನು.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಸಾಗರದ ಮನೆಯಲ್ಲಿ ಹೆಂಚು ಕೈಯಾಡಿಸುವ ಕೆಲಸವಿತ್ತು. ಅಟ್ಟ ಖಾಲಿ ಮಾಡಿಕೊಡು ಅಂತ ಅಮ್ಮ ಕರೆದಳು. ಹಳೆಯ ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅಡಿಕೆ ಚೀಲ, ಅದರ ಹಿಂದೆ ಕೆಂಪು ಚೌಕಳಿಯ ಬಿಸ್ಕತ್ ಡಬ್ಬಿ. ಸ್ಕಾಟ್ಲೆಂಡಿನ ಬೆಣ್ಣೆ ಬಿಸ್ಕತ್ತಿನದು. 1997ರಲ್ಲಿ ವಾಪಸ್ ಬರುವಾಗ ಅಮ್ಮನಿಗೆ ತಂದಿದ್ದೆ. ಬಿಸ್ಕತ್ತು ಖಾಲಿಯಾದ ಮೇಲೆ ಅವಳು ನನ್ನ ಫೋಟೋ ಸಾಮಾನನ್ನೆಲ್ಲ ಅದಕ್ಕೆ ತುಂಬಿಟ್ಟಿದ್ದಳು.

ನಾನು 1996ರ ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಮಾಡಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿದ್ದೆ. ಆಗ ನನಗೆ 24. ಓದಿನ ಜೊತೆಗೆ 10 ವಾರದ ಒಂದು ಸಂಜೆ ತರಗತಿಗೆ ಸೇರಿಕೊಂಡೆ, ಕಪ್ಪು-ಬಿಳುಪು ಫೋಟೋಗ್ರಫಿಗೆ. ಕಲೆಯ ಮೇಲಿನ ಪ್ರೀತಿಯಿಂದ ಅಂತ ಎಲ್ಲರಿಗೂ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ರೂಮಿನ ಹೀಟರ್‌ಗೆ ನಾಣ್ಯ ಹಾಕಬೇಕಿತ್ತು. ರೀಲಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿ ಇರಬೇಕಾದ್ದರಿಂದ ಆ ಕೆಲಸ ನಡೆಯುವ ಡಾರ್ಕ್‌ರೂಂ ಮಾತ್ರ ಬೆಚ್ಚಗಿರುತ್ತಿತ್ತು.

ಕ್ಯಾಮೆರಾ ಸೆಕೆಂಡ್‌ಹ್ಯಾಂಡ್ ಪೆಂಟಾಕ್ಸ್ ಕೆ1000. ಬ್ಯಾಟರಿ ಸತ್ತರೂ ಮೀಟರಿನ ಮುಳ್ಳು ಮಾತ್ರ ನಿಲ್ಲುತ್ತದೆ, ಉಳಿದದ್ದೆಲ್ಲ ಕೆಲಸ ಮಾಡುತ್ತದೆ. ರೀಲು ಇಲ್ಫೋರ್ಡ್ ಎಚ್‌ಪಿ5 ಪ್ಲಸ್. ಮೊದಲ ವಾರ ಪೂರ್ತಿ ಕತ್ತಲೆಯಲ್ಲಿ ರೀಲನ್ನು ಡಬ್ಬಿಯೊಳಗಿನ ಸುರುಳಿಗೆ ಸುತ್ತುವುದನ್ನೇ ಕಲಿತೆವು. ಹೂವು ಕಟ್ಟಿ ಅಭ್ಯಾಸವಿದ್ದ ಕೈ ನನ್ನದು, ಬೇಗ ಬಂತು. ಪಕ್ಕದಲ್ಲಿದ್ದ ಒಬ್ಬ ಬ್ಯಾಂಕ್ ನೌಕರ ಕತ್ತಲೆಯಲ್ಲಿ ಬೈದುಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು. ಆಮೇಲೆ ಐಡಿ-11 ಡೆವಲಪರ್‌ನಲ್ಲಿ ಏಳೂವರೆ ನಿಮಿಷ, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರ ಉಳಿಸುವ ಫಿಕ್ಸರ್, ತೊಳೆಯುವುದು, ಬಟ್ಟೆ ಒಣಗಿಸುವ ಹಾಗೆ ಕ್ಲಿಪ್ ಹಾಕಿ ನೇತುಹಾಕುವುದು. ಫಿಕ್ಸರಿನ ವಾಸನೆ ಬೆರಳಿಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಚಮಚದಲ್ಲಿ ತಿನ್ನುವವರಿಗೆ ಅದೇನೂ ತೊಂದರೆಯಿಲ್ಲ. ಕೈಯಲ್ಲಿ ಅನ್ನ ಸಾರು ಕಲಸುವವಳ ಪಾಡು ಬೇರೆ.

ಡಬ್ಬಿಯಲ್ಲಿದ್ದ ಪ್ರಿಂಟ್‌ಗಳು ಸುಮಾರು 30. ಸುಣ್ಣ ಕಿತ್ತ ಗೋಡೆ, ಗೋಡೆಯ ಮೇಲೆ ಮೆಟ್ಟಿಲಿನ ನೆರಳು, ಒದ್ದೆ ಕಲ್ಲುಹಾಸು, ಮತ್ತೆ ಗೋಡೆ. ಆಗ ಇದನ್ನೆಲ್ಲ ಬಹಳ ಗಂಭೀರವಾಗಿ ತೆಗೆದಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದಳು.

"ಎಂಥದೇ ಮಾರಾಯ್ತಿ ಇದು? ಅಷ್ಟು ದೂರ ಹೋಗಿ ಬರೀ ಗೋಡೆ ತೆಗೆದಿದ್ದೀಯಲ್ಲ. ಗೋಡೆ ಇಲ್ಲಿರಲಿಲ್ವಾ?"

ಅವಳ ಹಳೆಯ ದೂರು ಇನ್ನೊಂದಿದೆ. ಆ ಒಂದು ವರ್ಷದಲ್ಲಿ ನನ್ನದೊಂದು ಫೋಟೋ ಕೂಡ ನಾನು ಮನೆಗೆ ಕಳಿಸಿರಲಿಲ್ಲ. ಕ್ಯಾಮೆರಾ ನನ್ನ ಕೈಯಲ್ಲೇ ಇದ್ದರೆ ನನ್ನ ಫೋಟೋ ಎಲ್ಲಿಂದ ಬರಬೇಕು?

ನೆಗೆಟಿವ್ 13 ರೀಲಿನವು ಇದ್ದವು. ಆರಾರು ಚೌಕದ (ಒಂದು ಚೌಕ ಅಂದರೆ ಒಂದು ಫೋಟೋ) ಪಟ್ಟಿಗಳಾಗಿ ಕತ್ತರಿಸಿ ಕಾಗದದ ಚೀಲದಲ್ಲಿ ಹಾಕಿದ್ದು. ಅಡುಗೆ ಒಲೆಯ ಮೇಲಿನ ಅಟ್ಟವಾದ್ದರಿಂದ ಬೂಸ್ಟು ಹಿಡಿದಿರಲಿಲ್ಲ. ಕೆಳಗಿನ ಕೋಣೆಯ ಬೀರುವಿನಲ್ಲಿದ್ದ ಮದುವೆ ಆಲ್ಬಮ್ಮಿಗೆ ಆ ಪುಣ್ಯ ಇರಲಿಲ್ಲ, ಮಲೆನಾಡಿನ ಮಳೆಗೆ ಅರ್ಧ ಮುಖಗಳು ಹೋಗಿಬಿಟ್ಟಿವೆ. ಆದರೆ ಡಬ್ಬಿಯಲ್ಲಿ ಒಂದು ರೀಲು ಹುಳಿ ವಾಸನೆ ಹೊಡೆಯುತ್ತಿತ್ತು, ವಿನೆಗರ್ ಥರ. ನಿಮ್ಮದರಲ್ಲೂ ಆ ವಾಸನೆ ಬಂದರೆ ಆ ರೀಲನ್ನು ತಕ್ಷಣ ಬೇರೆ ಇಡಿ. ರೀಲಿನ ಅಸಿಟೇಟ್ ಪ್ಲಾಸ್ಟಿಕ್ ಕೆಡುತ್ತಾ ಆಮ್ಲ ಬಿಡುತ್ತದೆ, ಆ ಆಮ್ಲದಿಂದ ಅದು ಇನ್ನೂ ಬೇಗ ಕೆಡುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿ ಇದಕ್ಕೆ ಒಳ್ಳೆಯದಲ್ಲ. ಅಮ್ಮನಿಗೆ ಇದನ್ನು ಹೇಳಲು ಹೋಗಲಿಲ್ಲ.

ಚೀಲಗಳ ಮೇಲೆ ತಾರೀಕು ಬರೆದಿರಲಿಲ್ಲ. ಒಂದು ರೀಲಿನಿಂದ ಮಾತ್ರ ದಿನ ಸಿಕ್ಕಿತು. ಅದರ ತುಂಬ ಜನರ ಬೆನ್ನು. 1996ರ ನವೆಂಬರ್ 30, ಸೇಂಟ್ ಆಂಡ್ರೂ ದಿನ. ಸ್ಕಾಟ್ಲೆಂಡಿನ ರಾಜರ ಪಟ್ಟಾಭಿಷೇಕದ ಕಲ್ಲನ್ನು 1296ರಲ್ಲಿ ಇಂಗ್ಲೆಂಡಿನ 1ನೇ ಎಡ್ವರ್ಡ್ ಹೊತ್ತೊಯ್ದಿದ್ದ. ಸರಿಯಾಗಿ 700 ವರ್ಷದ ಮೇಲೆ ಅದನ್ನು ಮೆರವಣಿಗೆಯಲ್ಲಿ ಎಡಿನ್‌ಬರೋ ಕೋಟೆಗೆ ತಂದರು. ರಾಯಲ್ ಮೈಲ್ ಬೀದಿಯಲ್ಲಿ ನಾನೂ ನಿಂತಿದ್ದೆ. ಕಲ್ಲು ಒಂದು ಚೌಕದಲ್ಲೂ ಇಲ್ಲ. ಟೋಪಿಗಳಿವೆ.

ಜನರ ಬೆನ್ನು ತೆಗೆಯುವುದೇ ನನ್ನ ರೋಗವಾಗಿತ್ತು. ಟೀಚರ್ ಪ್ರತಿ ವಾರ ನನ್ನ ಕಾಂಟ್ಯಾಕ್ಟ್ ಶೀಟ್ (ಇಡೀ ರೀಲಿನ ಚಿತ್ರಗಳು ಸಣ್ಣದಾಗಿ ಒಂದೇ ಹಾಳೆಯಲ್ಲಿ) ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದೇ ಮಾತು ಬರೆಯುತ್ತಿದ್ದರು: ಇನ್ನೂ ಹತ್ತಿರ. ಒಂದು ಸಂಜೆ ಹಿಲ್ ಮತ್ತು ಆ್ಯಡಮ್ಸನ್ ಬಗ್ಗೆ ಪಾಠ ಮಾಡಿದರು. ಡೇವಿಡ್ ಆಕ್ಟೇವಿಯಸ್ ಹಿಲ್ ಚಿತ್ರಕಾರ. ರಾಬರ್ಟ್ ಆ್ಯಡಮ್ಸನ್ ಫೋಟೋಗ್ರಾಫರ್, 1843ರಲ್ಲಿ ಇಬ್ಬರೂ ಜೊತೆ ಸೇರಿದಾಗ ಆತನಿಗೆ ಬರೀ 22 ವರ್ಷ. ಕಾಲ್ಟನ್ ಗುಡ್ಡದ ಮೇಲಿನ ರಾಕ್ ಹೌಸ್ ಅವರ ಸ್ಟುಡಿಯೋ. ನೆಗೆಟಿವ್ ಆಗ ಕಾಗದದ್ದು, ಕ್ಯಾಲೊಟೈಪ್ ಅಂತ. ಆ ವಿಧಾನ ಕಂಡುಹಿಡಿದ ಟಾಲ್ಬಟ್‌ನ ಪೇಟೆಂಟ್ ಇಂಗ್ಲೆಂಡಿಗೆ ಇತ್ತು, ಸ್ಕಾಟ್ಲೆಂಡಿಗೆ ಇರಲಿಲ್ಲ. ಹಾಗಾಗಿ ಇವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಊರಂಚಿನ ನ್ಯೂಹೇವನ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ ಬುಟ್ಟಿ ಹೊತ್ತ ಹೆಂಗಸರನ್ನು, ದೋಣಿಗೆ ಒರಗಿದ ಗಂಡಸರನ್ನು ತೆಗೆದರು. ಅಲುಗಾಡದೆ ಸೆಕೆಂಡುಗಟ್ಟಲೆ ನಿಲ್ಲಬೇಕಿತ್ತು. ಅದಕ್ಕೇ ಆ ಫೋಟೋಗಳಲ್ಲಿ ಎಲ್ಲರೂ ಏನಕ್ಕಾದರೂ ಅಥವಾ ಯಾರಿಗಾದರೂ ಒರಗಿಕೊಂಡಿರುತ್ತಾರೆ. ಆ್ಯಡಮ್ಸನ್ 1848ರಲ್ಲಿ ತೀರಿಕೊಂಡ, 26ನೇ ವಯಸ್ಸಿಗೆ. ಅಷ್ಟರಲ್ಲಿ ಇಬ್ಬರೂ ಸೇರಿ ಸಾವಿರಾರು ಚಿತ್ರ ಮಾಡಿಟ್ಟಿದ್ದರು.

ಪಾಠ ಮುಗಿಸಿ ಟೀಚರ್ ಹೇಳಿದರು, ಭಾನುವಾರ ನ್ಯೂಹೇವನ್‌ಗೆ ಹೋಗಿ, ಒಬ್ಬ ಮನುಷ್ಯನ ಮುಖ ತೆಗೆದುಕೊಂಡು ಬನ್ನಿ. ಕೇಳಿ ತೆಗೆಯಬೇಕು, ಕದ್ದು ತೆಗೆಯುವ ಹಾಗಿಲ್ಲ.

ನಾನು ಲೈಟ್‌ಹೌಸ್ ತೆಗೆದುಕೊಂಡು ಬಂದೆ. ಬಂದರಿನ ಗೋಡೆಯ ತುದಿಯಲ್ಲಿರುವ ಬಿಳಿ ಲೈಟ್‌ಹೌಸ್. ಅದನ್ನೇ ಪ್ರಿಂಟ್ ಹಾಕಿ ಕೊಟ್ಟೆ, ಬೈಸಿಕೊಂಡೆ. ಇಷ್ಟು ನೆನಪಿತ್ತು. ಆ ರೀಲಿನ ಕಾಂಟ್ಯಾಕ್ಟ್ ಶೀಟ್ ಡಬ್ಬಿಯಲ್ಲಿ ಇರಲಿಲ್ಲ, ಲೈಟ್‌ಹೌಸ್ ಮಾತ್ರ ಇತ್ತು. ಪ್ರಿಂಟ್‌ಗಳನ್ನಷ್ಟೇ ಸ್ಕ್ಯಾನ್ ಮಾಡಿ ನೆಗೆಟಿವ್ ಎಸೆದಿದ್ದರೆ ನ್ಯೂಹೇವನ್ ಅಂದರೆ ನನಗೆ ಈಗಲೂ ಲೈಟ್‌ಹೌಸೇ.

ಎಸೆಯುವ ಮುಂಚೆ ಒಂದು ಸಲ ಇರಲಿ ಅಂತ ಬೆಂಗಳೂರಿನ ಒಂದು ಲ್ಯಾಬ್‌ಗೆ ಕೊಟ್ಟೆ. ಫೈಲುಗಳು ಬಂದವು. ಚೌಕದ ನಂಬರ್ ಇರುವ ಅಂಚುಗಳನ್ನೆಲ್ಲ ಕತ್ತರಿಸಿ ನೀಟಾಗಿ ಮಾಡಿದ್ದರು. ನ್ಯೂಹೇವನ್ ರೀಲಿನಿಂದ 36ರ ಬದಲು 31 ಫೈಲು. ಫೋನ್ ಮಾಡಿ ಕೇಳಿದರೆ, "ಅವು ಬ್ಲರ್ ಇದ್ವು ಮೇಡಂ, ಬಿಟ್ಟಿದೀವಿ" ಅಂದರು. ಒಳ್ಳೆಯ ಉದ್ದೇಶವೇ ಇರಬಹುದು. ಆದರೂ ಕೋಪ ಬಂತು.

ನೆಗೆಟಿವ್ ವಾಪಸ್ ತರಿಸಿಕೊಂಡು ನಾನೇ ಕೂತೆ. ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ, ಅದರ ಮೇಲೆ ಪಟ್ಟಿ. ಕ್ರಮವಾಗಿ ನೋಡುತ್ತಾ ಹೋದಾಗ ನಗು ತಡೆಯಲಿಲ್ಲ. 1ರಿಂದ 6 ಲೈಟ್‌ಹೌಸ್ ಮತ್ತು ದೋಣಿ. 7ರಲ್ಲಿ ಬೆಂಚಿನ ಮೇಲೆ ಒಬ್ಬ ಮುದುಕರು, ಅಕ್ಕಿ ಕಾಳಿನಷ್ಟು. 8ರಲ್ಲಿ ಸ್ವಲ್ಪ ದೊಡ್ಡದಾಗಿದ್ದಾರೆ. ಅಂದರೆ ನಾನು ಹತ್ತಿರ ಹೋಗಿದ್ದೇನೆ. 9 ಮತ್ತೆ ದೋಣಿ, ಹೆದರಿ ತಿರುಗಿದ್ದೇನೆ. 10 ಮತ್ತು 11 ಕಡಲಕ್ಕಿ. 12 ಮುದುಕರ ಬೆನ್ನು. 13 ಹಗ್ಗದ ಸುರುಳಿ. ಹಗ್ಗದಲ್ಲಿ ಏನಿತ್ತೋ ದೇವರಿಗೇ ಗೊತ್ತು. 14ರಲ್ಲಿ ಅವರ ಟೋಪಿ, ಕೆನ್ನೆಯ ಅಂಚು. 15 ಖಾಲಿ ಬೆಂಚು.

ಒಂದು ಪ್ರಶ್ನೆ ಕೇಳಲು ಒಂದು ಹುಡುಗಿ ಎಷ್ಟು ಹೊತ್ತು ಒದ್ದಾಡಿದಳು ಅನ್ನುವುದು ಅಂಚಿನ ನಂಬರ್ ಸಮೇತ ಅಲ್ಲಿ ದಾಖಲಾಗಿದೆ. ಯಾವ ಡೈರಿಯಲ್ಲೂ ನಾನು ಇಷ್ಟು ಪ್ರಾಮಾಣಿಕವಾಗಿ ಬರೆದಿಲ್ಲ.

16 ಲ್ಯಾಬಿನವರು ಬಿಟ್ಟದ್ದರಲ್ಲಿ ಒಂದು. ಯಾರೋ ಕ್ಯಾಮೆರಾ ಕಡೆ ನೋಡುತ್ತಾ ನಿಂತಿದ್ದಾರೆ. ನೆಗೆಟಿವ್‌ನಲ್ಲಿ ಕೂದಲು ಬೆಳ್ಳಗೆ. ಯಾವುದೋ ಅಜ್ಜಿ ಅಂದುಕೊಂಡೆ, ಅಮ್ಮನ ಹಾಗೇ ಇದ್ದಳು. ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಅದಲು ಬದಲು ಮಾಡಿದೆ. ನಾನು.

ಕೋಟಿನ ಗುಂಡಿ ಹಾಕಿಲ್ಲ, ಒಳಗೆ ಅಮ್ಮ ಹೆಣೆದ ಸ್ವೆಟರ್. ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಚೀಲದ ಪಟ್ಟಿ ಹಿಡಿದುಕೊಂಡಿದ್ದೇನೆ. ಮುಖದ ಮೇಲೆ ಫೋಕಸ್ ಇಲ್ಲ. ಫೋಕಸ್ ಬಿದ್ದಿರುವುದು ನನ್ನ ಮುಂದಿನ ಕಲ್ಲುಹಾಸಿನ ಮೇಲೆ. ಅಲ್ಲಿ ಒಂದು ಉದ್ದನೆಯ ನೆರಳಿದೆ. ನವೆಂಬರಿನಲ್ಲಿ ಆ ಊರಿನ ಸೂರ್ಯ ಮಧ್ಯಾಹ್ನವೂ ಮೇಲೇರುವುದಿಲ್ಲ, ನೆರಳು ಮಾರುದ್ದ. ಮೊಣಕೈ ಎರಡೂ ಆಚೀಚೆ ಚಾಚಿ ಕ್ಯಾಮೆರಾ ಹಿಡಿದ ಗಂಡಸಿನ ನೆರಳು. ತಲೆಯ ಮೇಲೆ ಅದೇ ಟೋಪಿ.

ಕ್ಯಾಮೆರಾ ನಾನೇ ಕೊಟ್ಟೆನೋ, ನನ್ನ ಒದ್ದಾಟ ನೋಡಿ ಅವರೇ ಕೇಳಿದರೋ. ನೆನಪು ಬಂತು ಅಂದರೆ ಸುಳ್ಳಾಗುತ್ತದೆ, ಏನೂ ಬರಲಿಲ್ಲ. 17ರಲ್ಲಿ ಮತ್ತೆ ಲೈಟ್‌ಹೌಸ್. ಬಹುಶಃ ನಾನು ಥ್ಯಾಂಕ್ಸ್ ಹೇಳಿ, ಅವರ ಫೋಟೋ ಕೇಳದೆಯೇ ಹೊರಟುಬಿಟ್ಟೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ಕ್ಯಾನ್ ಮಾಡಿಸುವುದಾದರೆ ಎಲ್ಲ ಚೌಕಗಳನ್ನೂ ಮಾಡಿ ಎಂದು ಚೀಟಿಯಲ್ಲಿ ಬರೆದುಕೊಡಿ, ಬ್ಲರ್ ಇರಲಿ, ಕತ್ತಲಿರಲಿ. ಅದಕ್ಕೂ ಮುಂಚೆ ಇಡೀ ಪಟ್ಟಿಯನ್ನು ಅಂಚಿನ ನಂಬರ್ ಕಾಣುವ ಹಾಗೆ ಫೋನಿನಲ್ಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪರದೆಗೆ ತಾಗಿಸಿ ಇಡಬೇಡಿ, ಪರದೆಯ ಚುಕ್ಕಿಗಳು ಚಿತ್ರದಲ್ಲಿ ಬರುತ್ತವೆ, ಗೀರೂ ಆಗುತ್ತದೆ. ಬೆರಳುದ್ದ ಎತ್ತರದಲ್ಲಿ ಹಿಡಿಯಿರಿ. ಹೊಳೆಯುವ ಮೈ ನಿಮ್ಮ ಕಡೆಗಿದ್ದರೆ ಅಂಚಿನ ಅಕ್ಷರಗಳು ಸರಿಯಾಗಿ ಓದಿಸಿಕೊಳ್ಳುತ್ತವೆ, ಮಂಕಾದ ಮೈಯಲ್ಲಿ ಚಿತ್ರವಿರುತ್ತದೆ, ಅದನ್ನು ಮುಟ್ಟಬೇಡಿ. ಸ್ಕ್ಯಾನರ್ ಇದ್ದರೆ 2400 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಸಾಕು, ಒಂದು ಚೌಕಕ್ಕೆ ಸುಮಾರು 7.7 ಮೆಗಾಪಿಕ್ಸೆಲ್ ಬರುತ್ತದೆ. ಬೂಸ್ಟು ಕಂಡರೆ ನೀರಿನಲ್ಲಿ ತೊಳೆಯಲು ಹೋಗಬೇಡಿ. ಬೂಸ್ಟು ತಿಂದ ಜೆಲಟಿನ್ ಪದರ ನೀರಿಗೆ ಕರಗಿ ಚಿತ್ರವೇ ಹೋಗಬಹುದು. ಇಡುವುದು ಕಾಗದದ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಚೀಲದಲ್ಲಿ, ಪಿವಿಸಿ ಪ್ಲಾಸ್ಟಿಕ್ ಬೇಡ, ಅಂಟಿಕೊಳ್ಳುತ್ತದೆ. ಬಣ್ಣದ ರೀಲುಗಳಿದ್ದರೆ ಅವನ್ನು ಮೊದಲು ಮಾಡಿ. ಕಪ್ಪು-ಬಿಳುಪಿನಲ್ಲಿ ಇರುವುದು ಬೆಳ್ಳಿ, ಬಣ್ಣದ್ದರಲ್ಲಿ ಬರೀ ಡೈ, ಅಂದರೆ ಮಾಸುವ ಬಣ್ಣ. ಡೈ ಕಾಯುವುದಿಲ್ಲ.

ನನ್ನವು ಇನ್ನೂ ಮೂರು ರೀಲು ಬಾಕಿ ಇವೆ.

16ನೇ ಚೌಕವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ದೀಪಾವಳಿಗೆ ಊರಿಗೆ ಹೋಗಿದ್ದೆ. ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸ್ವೆಟರ್ ಹಾಕಿಕೊಂಡಿದ್ದೆಯಲ್ಲ, ಸದ್ಯ, ಅಂದಳು. ತಲೆಗೆ ಎಣ್ಣೆ ಹಚ್ಚಿಲ್ಲ ಅಂದಳು. ನೆರಳು ಯಾರದು ಅಂತ ಕೇಳಿದಳು, ಹೇಳಿದೆ. "ಪಾಪ, ಅವರದ್ದೂ ಒಂದು ತೆಗೆಯಬಾರದಿತ್ತಾ?" ಅಂದಳು.

ಆಮೇಲೆ ಫೋಟೋವನ್ನು ದೇವರ ಕೋಣೆಯ ಹೊರಗಿನ ಮೊಳೆಗೆ ಅಳತೆ ನೋಡುತ್ತಾ ಕೇಳಿದಳು:

"ಅಲ್ವೇ, ಇದು ಕಲರ್‌ನಲ್ಲಿ ಇಲ್ವಾ?"